ಆ 45 ನಿಮಿಷ

2020ರ ಮಾರ್ಚ್ 23, ಸೋಮವಾರ. ಮಾರುಕಟ್ಟೆ ತೆರೆದು ಗಂಟೆಯೂ ಆಗಿರಲಿಲ್ಲ, ಸೆನ್ಸೆಕ್ಸ್ ಶೇ. 10ರಷ್ಟು ಕುಸಿದು 45 ನಿಮಿಷ ವಹಿವಾಟೇ ನಿಂತುಹೋಯಿತು. ಅಷ್ಟೂ ಹೊತ್ತು ನಾನು ಸಿಕ್ಕಸಿಕ್ಕವರಿಗೆಲ್ಲ 'ಏನ್ ಮಾಡ್ಲಿ?' ಅಂತ ಮೆಸೇಜ್ ಹಾಕ್ತಾ ಕೂತಿದ್ದೆ.

ಟೆಲಿಗ್ರಾಂ ಗುಂಪಿನಲ್ಲಿ ಒಬ್ಬ 'ಎಲ್ಲಾ ಮಾರಿ ಹೊರಗೆ ಬಾ' ಅಂದ. ಇನ್ನೊಬ್ಬ 'ಸಾಲ ಮಾಡಿಯಾದ್ರೂ ತಗೋ' ಅಂದ. ಸೆಬಿ ನೋಂದಣಿ ಇದೆಯಾ ಅಂತ ಕೇಳಬೇಕೆಂಬುದೂ ನನಗೆ ಹೊಳೆಯಲಿಲ್ಲ. (ಕೆಲಸದಲ್ಲಿ ಮಾತ್ರ ಪರೀಕ್ಷಿಸದ ಒಂದು ಸಾಲು ಕೋಡನ್ನೂ ಬಿಡುವವನಲ್ಲ!)

ಆಫೀಸಿನ ಹಿರಿಯರೊಬ್ಬರು ಫೋನ್ ಮಾಡಿದರು. "ಶೇರು ಯಾವುದು ಅಂತ ಆಮೇಲೆ ಹೇಳಪ್ಪ. ಈ ದುಡ್ಡು ನಿಂಗೆ ಯಾವಾಗ ಬೇಕು?"

ಬಾಯಿ ಕಟ್ಟಿತು. ನಾಲ್ಕು ಲಕ್ಷದಲ್ಲಿ ಎರಡು ಲಕ್ಷ, ಮೇ ತಿಂಗಳ ತಂಗಿ ಮದುವೆಗೆಂದು ಅಪ್ಪ ಕೊಟ್ಟಿದ್ದು. ಎಫ್‌ಡಿಗಿಂತ ಜಾಸ್ತಿ ಬರುತ್ತೆ ಅಂತ ಹೇಳದೆ ಕೇಳದೆ ಹಾಕಿದ್ದೆ.

"ಮೊದಲು ಅಪ್ಪನಿಗೆ ಹೇಳು," ಅಂದರು.

ಆ ದಿನ ಸೆನ್ಸೆಕ್ಸ್ 3,934 ಅಂಶ ಕಳೆದುಕೊಂಡು 25,981ಕ್ಕೆ ಬಂದು ನಿಂತಿತು. ರಾತ್ರಿ ಊಟದ ನಂತರ ಹೇಳಿದೆ. ಅಪ್ಪ ಬೈಯಲಿಲ್ಲ, "ಉಳಿದಿದ್ದೆಷ್ಟು?" ಅಂತ ಮಾತ್ರ ಕೇಳಿದರು. ಮದುವೆ ದುಡ್ಡನ್ನು ಎಪ್ಪತ್ತು ಸಾವಿರ ನಷ್ಟಕ್ಕೆ ಮಾರಿ, ಕೊರತೆಯನ್ನು ಸಂಬಳದಲ್ಲಿ ತುಂಬಿಸಿದೆ. ನನ್ನ ಎರಡು ಲಕ್ಷ ಮುಟ್ಟಲಿಲ್ಲ.

ನವೆಂಬರ್‌ನಲ್ಲಿ ಸೆನ್ಸೆಕ್ಸ್ ಜನವರಿಯ ದಾಖಲೆಯನ್ನೂ ದಾಟಿತು. ಆ ಸುದ್ದಿಯನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.