ವಾರಂಟಿ ಇದ್ದರೂ ಬ್ರೇಕಿಗೆ ದುಡ್ಡು ಯಾಕೆ?



ಕಳೆದ ತಿಂಗಳು ಒಂದು ಮಹಿಳಾ ಸಂಘದಲ್ಲಿ ಬಂಜೆತನ ನಿವಾರಣಾ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಸದಸ್ಯೆಯೊಬ್ಬರು ಹತ್ತಿರ ಬಂದರು. ಹಸುವಿನ ವಿಷಯ ಇರಬೇಕು ಅಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ಮೇಡಂ, ಗಾಡಿ ತಗೊಂಡು ವರ್ಷ ಆಗಿಲ್ಲ. ವಾರಂಟಿ ಇದೆ ಅಂತ ಹೇಳೇ ಕೊಟ್ಟಿದ್ರು. ಈಗ ಬ್ರೇಕ್ ಹಿಡೀತಿಲ್ಲ ಅಂತ ಹೋದ್ರೆ ದುಡ್ಡು ಕಟ್ಟಿ ಅಂತಾರೆ. ಇದು ಮೋಸ ಅಲ್ವಾ?"

ಇದೇ ಪ್ರಶ್ನೆಯನ್ನು ನಾನೂ ಒಂದು ದಿನ ಸರ್ವಿಸ್ ಸೆಂಟರಿನಲ್ಲಿ ನಿಂತು ಕೇಳಿದ್ದೆ. ಆ ದಿನ ಕಲಿತದ್ದನ್ನು ಅವರಿಗೆ ಹೇಳಿದೆ. ಈಗ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಸ್ಕೂಟರ್ ಇದೆ, ಕೆಲವರ ಮನೆಗೆ ಕಾರು, ಗೂಡ್ಸ್ ಆಟೋ ಬಂದಿವೆ. ಹಾಲಿನ ಬಟವಾಡೆಯಿಂದಲೇ ಅದರ ಕಂತು ಹೋಗುತ್ತದೆ. ಹಾಗಾಗಿ ಈ ಸಲ ಕೆಚ್ಚಲು ಬಾವು, ಜಂತುಹುಳು ಬಿಟ್ಟು ಬ್ರೇಕಿನ ಬಗ್ಗೆ ಬರೆಯುತ್ತಿದ್ದೇನೆ.

ಕೆರೆ ಏರಿಯ ಮೇಲಿನ ಆ ರಾತ್ರಿ

ನಾನು ಸಾಲ ಮಾಡಿ ಹೊಸ ಕಾರು ಕೊಂಡು ಒಂದೂಕಾಲು ವರ್ಷವಾಗಿತ್ತು. ಬ್ರೇಕ್ ಒತ್ತಿದಾಗ ಮುಂದಿನ ಚಕ್ರದಲ್ಲಿ 'ಕಿರ್' ಎಂದು ಸದ್ದು ಶುರುವಾಯಿತು. ಕಾಲುಬಾಯಿ ಜ್ವರದ ಲಸಿಕೆ ಸುತ್ತು ನಡೆಯುತ್ತಿತ್ತು. ಇವತ್ತು ತೋರಿಸೋಣ, ನಾಳೆ ತೋರಿಸೋಣ ಅನ್ನುತ್ತಾ ಮೂರು ವಾರ ಕಳೆದೆ.

ಒಂದು ರಾತ್ರಿ ಫೋನ್ ಬಂತು. ಹಸು ಕರು ಹಾಕಲು ಕಷ್ಟಪಡುತ್ತಿದೆ, ಒಂದು ಕಾಲು ಮಾತ್ರ ಹೊರಗೆ ಬಂದಿದೆ. ಮಳೆ ಹನಿಯುತ್ತಿತ್ತು. ಕೆರೆ ಏರಿ ಇಳಿಯುವ ತಿರುವಿನಲ್ಲಿ ರಸ್ತೆ ಮಧ್ಯೆ ಎಮ್ಮೆಯೊಂದು ನಿಂತಿತ್ತು. ಬ್ರೇಕ್ ಒತ್ತಿದೆ. ಗಾಡಿ ನೇರ ನಿಲ್ಲುವ ಬದಲು ಎಡಕ್ಕೆ, ಕೆರೆಯ ಕಡೆಗೆ ಎಳೆಯಿತು. ಎಮ್ಮೆಗೂ ತಾಗಲಿಲ್ಲ, ಏರಿಯಿಂದಲೂ ಬೀಳಲಿಲ್ಲ. ಇಳಿದು ನೋಡಿದರೆ ಎಡ ಚಕ್ರಕ್ಕೂ ಅಂಚಿಗೂ ಒಂದು ಮೊಳ ಉಳಿದಿತ್ತು. ಕರು ಬದುಕಿತು. ನನ್ನ ಕೈ ನಡುಕ ಮಾತ್ರ ಬೆಳಗಿನವರೆಗೆ ನಿಲ್ಲಲಿಲ್ಲ.

ಮರುದಿನ ಸರ್ವಿಸ್ ಸೆಂಟರಿಗೆ ಹೋದೆ. "ಪ್ಯಾಡ್ ಸವೆದಿದೆ ಮೇಡಂ, ವಾರಂಟಿಯಲ್ಲಿ ಬರಲ್ಲ" ಎಂದರು. ಮೂರು ವರ್ಷದ ವಾರಂಟಿ ಇದೆಯಲ್ಲ ಎಂದು ಜಗಳಕ್ಕೇ ನಿಂತೆ.

ಸವೆಯುವುದು ದೋಷವಲ್ಲ

ಮೊದಲು ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಚಕ್ರದ ಜೊತೆ ಒಂದು ಲೋಹದ ತಟ್ಟೆ ತಿರುಗುತ್ತದೆ, ಅದು ಡಿಸ್ಕ್. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಆ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ. ಪ್ಯಾಡುಗಳನ್ನು ಹಿಡಿದಿರುವ, ಒತ್ತುವ ಭಾಗವೇ ಕ್ಯಾಲಿಪರ್. ಅನೇಕ ಸ್ಕೂಟರುಗಳಲ್ಲಿ, ಆಟೋಗಳಲ್ಲಿ ಡಿಸ್ಕ್ ಬದಲು ಡ್ರಮ್ ಇರುತ್ತದೆ. ಅದರೊಳಗೆ ಬ್ರೇಕ್ ಶೂ ಅಗಲಗೊಂಡು ಡ್ರಮ್ಮಿಗೆ ಉಜ್ಜುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ ಲೈನರ್ ಎನ್ನುತ್ತಾರೆ.

ಎರಡರಲ್ಲೂ ನಡೆಯುವುದು ಉಜ್ಜಾಟವೇ. ಪ್ಯಾಡ್ ತಾನು ಸವೆದು ಗಾಡಿ ನಿಲ್ಲಿಸುತ್ತದೆ. ಅದನ್ನು ಮಾಡಿರುವುದೇ ಅದಕ್ಕೆ. ಹತ್ತು ಸೂಲು ಕಂಡ ಹಸುವಿನ ಹಲ್ಲು ಸವೆದಿದ್ದರೆ ನಾವು ಅದಕ್ಕೆ ರೋಗ ಎನ್ನುತ್ತೇವೆಯೇ? ಇಲ್ಲ. ಕಂಪನಿಯ ಲೆಕ್ಕವೂ ಅಷ್ಟೇ. ವಾರಂಟಿ ಎಂದರೆ ತಯಾರಿಕೆಯಲ್ಲಿ ಅಥವಾ ಸಾಮಗ್ರಿಯಲ್ಲಿ ದೋಷವಿದ್ದರೆ ಸರಿಪಡಿಸಿ ಕೊಡುತ್ತೇವೆ ಎಂಬ ಮಾತು. ಬಳಕೆಯಿಂದ ಸವೆದದ್ದಕ್ಕೆ ಆ ಮಾತು ಅನ್ವಯಿಸುವುದಿಲ್ಲ.

ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಡುವ ವಸ್ತುಗಳು ಇವು: ಬ್ರೇಕ್ ಪ್ಯಾಡ್, ಬ್ರೇಕ್ ಶೂ, ಕ್ಲಚ್ ಪ್ಲೇಟ್, ವೈಪರ್ ರಬ್ಬರ್, ಬಲ್ಬ್, ಫಿಲ್ಟರ್, ಎಂಜಿನ್ ಆಯಿಲ್, ಬ್ರೇಕ್ ಆಯಿಲ್. ಟೈರ್ ಮತ್ತು ಬ್ಯಾಟರಿಗೆ ಹೆಚ್ಚಾಗಿ ಅವುಗಳನ್ನು ತಯಾರಿಸಿದ ಕಂಪನಿಯದೇ ಬೇರೆ ವಾರಂಟಿ ಇರುತ್ತದೆ. ಹೆಚ್ಚುವರಿ ಹಣ ಕೊಟ್ಟು ವಾರಂಟಿ ವಿಸ್ತರಿಸಿಕೊಂಡರೂ ಸವೆಯುವ ವಸ್ತುಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಈ ಪಟ್ಟಿ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲೇ ಇರುತ್ತದೆ. ನಾನು ಅದನ್ನು ಒಂದು ದಿನವೂ ತೆರೆದಿರಲಿಲ್ಲ.

ಒಂದೇ ಮೊಲೆ ಬತ್ತಿದರೆ ಏನು ಮಾಡುತ್ತೀರಿ?

ಜಗಳ ನಿಲ್ಲಿಸಿ, "ಚಕ್ರ ಬಿಚ್ಚಿ, ನಾನು ನೋಡಬೇಕು" ಎಂದೆ. ಬಿಚ್ಚಿದರು. ಎಡ ಚಕ್ರದ ಪ್ಯಾಡ್ ಸವೆದು ಹಿಂದಿನ ಕಬ್ಬಿಣ ಕಾಣುವಷ್ಟಾಗಿತ್ತು. ಬಲ ಚಕ್ರದ್ದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಸೂಲಿನ ಕೊನೆಗೆ ನಾಲ್ಕೂ ಮೊಲೆಯಲ್ಲಿ ಹಾಲು ಒಟ್ಟಿಗೆ ಇಳಿದರೆ ನೀವು ಗಾಬರಿಯಾಗುವುದಿಲ್ಲ. ಒಂದೇ ಮೊಲೆಯಲ್ಲಿ ಇಳಿದರೆ? ತಕ್ಷಣ ನನಗೆ ಫೋನ್ ಬರುತ್ತದೆ. ಯಾಕೆಂದರೆ ಅದು ಸಹಜವಲ್ಲ, ಬಾವು ಇರಬಹುದು ಎಂದು ನಿಮಗೆ ಗೊತ್ತು. ಇಲ್ಲೂ ಅದೇ ಕಥೆ. ಎರಡೂ ಚಕ್ರ ಓಡಿದ್ದು ಒಂದೇ ರಸ್ತೆಯಲ್ಲಿ, ಒತ್ತಿದ್ದು ಒಂದೇ ಕಾಲು. ಒಂದು ಮಾತ್ರ ಯಾಕೆ ಸವೆಯಬೇಕು?

ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಪರೀಕ್ಷಿಸಿದರು. ಎಡಗಡೆ ಕ್ಯಾಲಿಪರ್ ಹಿಡಿದುಕೊಂಡಿತ್ತು. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಹಿಂದೆ ಸರಿಯದೆ ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಗಾಡಿ ಎಡಕ್ಕೆ ಎಳೆದದ್ದೂ ಅದಕ್ಕೇ. ಪ್ಯಾಡ್ ಸವೆಯುವ ವಸ್ತು, ನಿಜ. ಕ್ಯಾಲಿಪರ್ ಸವೆಯುವ ವಸ್ತುವಲ್ಲ. ಇದನ್ನು ಬರವಣಿಗೆಯಲ್ಲಿ ಕೊಟ್ಟೆ. ಸರ್ವಿಸ್ ದಾಖಲೆಗಳನ್ನು ನೋಡಿದ ಮೇಲೆ ಕ್ಯಾಲಿಪರನ್ನು ವಾರಂಟಿಯಲ್ಲೇ ಬದಲಿಸಿದರು. ಪ್ಯಾಡಿನ ದುಡ್ಡು ನಾನೇ ಕೊಟ್ಟೆ.

ಆ ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದರು: "ಇನ್ನೊಂದು ವಾರ ಓಡಿಸಿದ್ರೆ ಡಿಸ್ಕೂ ಹೋಗ್ತಿತ್ತು ಮೇಡಂ. ಸದ್ದು ಬಂದ ಮೇಲೂ ಓಡಿಸಿದ್ದೀರಿ ಅಂತ ಅದರ ಖರ್ಚು ನಿಮ್ಮ ತಲೆಗೇ ಬರ್ತಿತ್ತು." ಆ ಮೂರು ವಾರ ನನ್ನದೇ ತಪ್ಪು.

ಆದ್ದರಿಂದ ಸರ್ವಿಸ್ ಸೆಂಟರಿನಲ್ಲಿ 'ವಾರಂಟಿ ಇದೆಯೋ ಇಲ್ಲವೋ' ಎಂದು ಕೇಳಿದರೆ ಸಾಲದು. 'ಯಾಕೆ ಸವೆಯಿತು' ಎಂದು ಕೇಳಿ. ಒಂದೇ ಕಡೆ ಸವೆದಿದ್ದರೆ, ಬ್ರೇಕ್ ಆಯಿಲ್ ಸೋರುತ್ತಿದ್ದರೆ, ಸ್ವಲ್ಪ ಓಡಿಸಿದರೂ ಒಂದೇ ಚಕ್ರ ವಿಪರೀತ ಬಿಸಿಯಾಗುತ್ತಿದ್ದರೆ, ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆದರೆ, ಅದು ಬರಿಯ ಸವೆತವಲ್ಲದಿರಬಹುದು. ಅಲ್ಲಿ ವಾರಂಟಿ ಕೇಳುವ ಹಕ್ಕು ನಿಮಗಿದೆ.

ಹಾಲಿನ ಭಾರ, ಬ್ರೇಕಿನ ಆಯಸ್ಸು

ಶಿಬಿರದಲ್ಲಿ ಸಿಕ್ಕ ಸದಸ್ಯೆಯ ಗಾಡಿ ಸ್ಕೂಟರ್. ನೋಡಿದೆ. ಲೈನರ್ ಸಹಜವಾಗಿಯೇ ಸವೆದಿತ್ತು, ಆದರೆ ಬೇಗ ಸವೆದಿತ್ತು. ಕಾರಣವೂ ಅಲ್ಲೇ ಇತ್ತು. ದಿನಕ್ಕೆ ಎರಡು ಹೊತ್ತು ಹಾಲಿನ ಕ್ಯಾನು, ಬರುವಾಗ ಹಿಂಡಿ ಮೂಟೆ.

ಒಂದು ಲೀಟರ್ ಹಾಲು ಒಂದು ಕೆಜಿಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ ಸುಮಾರು 41 ಕೆಜಿ, ಕ್ಯಾನಿನ ತೂಕ ಬೇರೆ. ಭಾರ ಹೆಚ್ಚಿದಷ್ಟೂ ಬ್ರೇಕಿಗೆ ಕೆಲಸ ಹೆಚ್ಚು. ವೇಗದ ಲೆಕ್ಕ ಇನ್ನೂ ಕಠಿಣ. 30 ಕಿ.ಮೀ. ವೇಗದಲ್ಲಿ ನಿಲ್ಲಿಸಲು ಬೇಕಾದ ಶ್ರಮದ ಎರಡರಷ್ಟಲ್ಲ, ನಾಲ್ಕರಷ್ಟು ಶ್ರಮ 60 ಕಿ.ಮೀ. ವೇಗದಲ್ಲಿ ಬೇಕು. ಗೇರಿಲ್ಲದ ಸ್ಕೂಟರಿನಲ್ಲಿ ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆ, ಎಲ್ಲ ಭಾರವೂ ಬ್ರೇಕಿನ ಮೇಲೇ. ಕಾರಿನಲ್ಲಾದರೆ ಶಿರಾಡಿ, ಚಾರ್ಮಾಡಿಯಂಥ ಘಟ್ಟ ಇಳಿಯುವಾಗ ಸಣ್ಣ ಗೇರಿನಲ್ಲಿ ಇಳಿಯಬೇಕು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ.

ಇದಕ್ಕೂ ವಾರಂಟಿಗೂ ಸಂಬಂಧವಿದೆ. ಮಿತಿಗಿಂತ ಹೆಚ್ಚು ಭಾರ ಹೇರಿದ್ದರಿಂದ ಹಾಳಾದದ್ದಕ್ಕೆ ವಾರಂಟಿ ಸಿಗುವುದಿಲ್ಲ. ಕ್ಯಾನು ಕಟ್ಟಲೆಂದು ಗಾಡಿಗೆ ಕಬ್ಬಿಣ ಬೆಸುಗೆ ಹಾಕಿಸಿದ್ದರೂ ತಕರಾರು ಬರಬಹುದು. ಸ್ವಂತ ಬಳಕೆಯ ಗಾಡಿಯಲ್ಲಿ ಬೇರೆಯವರ ಹಾಲನ್ನು ಬಾಡಿಗೆಗೆ ಸಾಗಿಸಿದರೆ ವಾರಂಟಿಗಷ್ಟೇ ಅಲ್ಲ, ವಿಮೆಗೂ ತೊಂದರೆ. ಕೊಳ್ಳುವ ಮೊದಲೇ ಶೋರೂಮಿನಲ್ಲಿ "ಹಾಲು ಸಾಗಿಸುತ್ತೇನೆ" ಎಂದು ಹೇಳಿ, ಎಷ್ಟು ಭಾರ ಹೊರುತ್ತದೆ ಎಂದು ಕೇಳಿ.

ಟ್ಯಾಗ್ ಇಲ್ಲದ ಹಸು, ಸೀಲ್ ಇಲ್ಲದ ಸರ್ವಿಸ್ ಬುಕ್

ಹಸು ಸತ್ತಾಗ ವಿಮೆ ಕೇಳಲು ಹೋದರೆ ಮೊದಲು ಕೇಳುವುದು ಕಿವಿಯ ಟ್ಯಾಗ್. ಟ್ಯಾಗ್ ಇಲ್ಲ, ಪರಿಹಾರ ಇಲ್ಲ. ವಾರಂಟಿಗೆ ಸರ್ವಿಸ್ ಬುಕ್ ಹಾಗೆ. ಹೇಳಿದ ತಿಂಗಳು ಅಥವಾ ಹೇಳಿದ ಕಿಲೋಮೀಟರ್, ಯಾವುದು ಮೊದಲು ಬರುತ್ತದೋ ಆಗ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ತೋರಿಸಿ ಸೀಲ್ ಹಾಕಿಸಬೇಕು. ಒಂದು ಸರ್ವಿಸ್ ತಪ್ಪಿದರೂ ಅದನ್ನೇ ಕಾರಣ ಮಾಡಿ ತಳ್ಳಿಹಾಕುವ ಅವಕಾಶ ಅವರಿಗೆ ಸಿಗುತ್ತದೆ. ಪ್ರತಿ ಸಲ ಜಾಬ್ ಕಾರ್ಡಿನ ಪ್ರತಿ ಕೇಳಿ ಪಡೆಯಿರಿ. ನೀವು ಹೇಳಿದ ದೂರು ಅದರಲ್ಲಿ ನಿಮ್ಮದೇ ಮಾತಿನಲ್ಲಿ ಬರೆದಿದೆಯೇ ಎಂದು ಓದಿಸಿ ನೋಡಿ. ಬಾಯಿಮಾತಿನ ದೂರಿಗೆ ಮುಂದೆ ಸಾಕ್ಷಿ ಇರುವುದಿಲ್ಲ.

ದೋಷವಿದ್ದರೂ ಒಪ್ಪದಿದ್ದರೆ

ಮೊದಲು ಶೋರೂಮಿಗೂ ಕಂಪನಿಗೂ ಲಿಖಿತ ದೂರು ಕೊಡಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮಗೆ ಅನುಕೂಲವಾದ ಅಂಶಗಳಿವೆ. ಶೋರೂಂ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಸಮಸ್ಯೆ ಹುಟ್ಟಿದ 2 ವರ್ಷದೊಳಗೆ ಹೋಗಬೇಕು.

"ಹಾಲಿನ ವ್ಯಾಪಾರಕ್ಕೆ ಕೊಂಡ ಗಾಡಿ, ನೀವು ಗ್ರಾಹಕರಲ್ಲ" ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡ ವಸ್ತುವನ್ನು ಈ ಕಾಯ್ದೆ ವಾಣಿಜ್ಯ ಉದ್ದೇಶ ಎಂದು ಎಣಿಸುವುದಿಲ್ಲ.

ಮೇವು ಕತ್ತರಿಸುವ ಯಂತ್ರದ ಬ್ಲೇಡ್, ಹಾಲು ಕರೆಯುವ ಯಂತ್ರದ ರಬ್ಬರ್ ಲೈನರ್ ಕೂಡ ಸವೆಯುವ ವಸ್ತುಗಳೇ. ಅವನ್ನು ಕೊಳ್ಳುವಾಗಲೂ ಈ ಪ್ರಶ್ನೆಗಳನ್ನೇ ಕೇಳಿ.

ಮನೆಯಲ್ಲೇ ನೋಡಿಕೊಳ್ಳಿ

• ಬ್ರೇಕ್ ಒತ್ತಿದಾಗ 'ಕಿರ್' ಎಂದರೆ ಆ ವಾರವೇ ತೋರಿಸಿ. ಅನೇಕ ಪ್ಯಾಡುಗಳಲ್ಲಿ ಸವೆತದ ಎಚ್ಚರಿಕೆಗೆಂದೇ ಸಣ್ಣ ಲೋಹದ ಪಟ್ಟಿ ಇಟ್ಟಿರುತ್ತಾರೆ. ಕಬ್ಬಿಣ ಕೊರೆದಂತೆ 'ಗರಗರ' ಎಂದರೆ ಗಾಡಿ ತೆಗೆಯಲೇಬೇಡಿ.

• ಪ್ರತಿ ಸರ್ವಿಸಿನಲ್ಲಿ ಪ್ಯಾಡಿನ ದಪ್ಪ ಅಳೆದು ಬರೆಯಲು ಹೇಳಿ. ಕಾರಿನ ಪ್ಯಾಡ್ 3 ಮಿ.ಮೀ.ಗೆ ಇಳಿದರೆ ಬದಲಿಸುವ ಕಾಲ ಬಂದಿದೆ.

• ಎರಡೂ ಚಕ್ರದ ಪ್ಯಾಡ್ ತೋರಿಸಿ ಎನ್ನಿ. ವ್ಯತ್ಯಾಸವಿದ್ದರೆ ಕಾರಣವನ್ನು ಜಾಬ್ ಕಾರ್ಡಿನಲ್ಲಿ ಬರೆಸಿ.

• ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. ಮಟ್ಟ ಇಳಿದಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ, ಸೋರಿಕೆ ಇದೆಯೇ ಎಂದು ನೋಡಿಸಿ.

• ಗಾಡಿ ತೊಳೆದ ಮೇಲೆ, ನೀರು ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿ.

• ಡ್ರಮ್ ಬ್ರೇಕಿಗೆ ಎಣ್ಣೆ, ಗ್ರೀಸ್ ತಾಗದಂತೆ ನೋಡಿಕೊಳ್ಳಿ.

ಆ ಸದಸ್ಯೆ ಲೈನರಿಗೆ ದುಡ್ಡು ಕೊಟ್ಟು ಹಾಕಿಸಿಕೊಂಡರು. ಬೇಸರವಿತ್ತು, ಆದರೆ ಮೋಸ ಹೋದೆ ಎಂಬ ಸಂಕಟ ಇರಲಿಲ್ಲ. ಈಗ ಹಿಂಡಿ ಮೂಟೆಯನ್ನು ಸಂಘದ ಹಾಲಿನ ಗಾಡಿಯಲ್ಲೇ ತರಿಸಿಕೊಳ್ಳುತ್ತಿದ್ದಾರಂತೆ. ಮುಂದಿನ ಬಟವಾಡೆಗೆ ಸಂಘಕ್ಕೆ ಬರುವಾಗ ನಿಮ್ಮ ಸರ್ವಿಸ್ ಬುಕ್ ಚೀಲದಲ್ಲಿ ಹಾಕಿಕೊಂಡು ಬನ್ನಿ. ಓದಲು ಕಷ್ಟವಾದರೆ ಕಾರ್ಯದರ್ಶಿಯವರನ್ನೋ, ಓದುವ ಮಗಳನ್ನೋ ಕೂರಿಸಿಕೊಂಡು ವಾರಂಟಿಯ ಪುಟ ಒಮ್ಮೆ ಓದಿಸಿ. ಶಿಬಿರಕ್ಕೆ ಬಂದಾಗ ನನ್ನನ್ನು ಕೇಳಿದರೂ ಸರಿ.

— ಪಶು ವೈದ್ಯಾಧಿಕಾರಿ