ಇಳಕಲ್ಲಿಗೂ ಕುಷ್ಟಗಿಗೂ ನಡುವೆ ರಾಜ್ಯದ ಗಡಿ ಇತ್ತು!

ಸಿಇಟಿ ಅರ್ಜಿ ತುಂಬುವಾಗ 371(ಜೆ) ಅನ್ನೋ ಕಾಲಂ ನಾವೆಲ್ಲ ನೋಡಿದ್ದೀವಿ. ಕುಷ್ಟಗಿಯ ಗೆಳೆಯ ಅಲ್ಲಿ 'ಹೌದು' ಅಂತ ತುಂಬ್ತಾನ. ಪಕ್ಕದ ಇಳಕಲ್ಲಿನ ಗೆಳೆಯನಿಗೆ ಆ ಅವಕಾಶ ಇಲ್ಲ. ಮಾತು ಒಂದೇ, ರೊಟ್ಟಿ ಒಂದೇ. ಹಂಗಾದ್ರ ಈ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ ಹಳೆಯ ನಕಾಶೆಯಲ್ಲಿದೆ. 1818ರಲ್ಲಿ ಪೇಶ್ವೆಗಳು ಸೋತರು. ಅದೇ ವರ್ಷ ಥಾಮಸ್ ಮನ್ರೋ ಬಾದಾಮಿ ಕೋಟೆಯನ್ನು ಹಿಡಿದ. ಮುಂದೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲವೂ ಮುಂಬೈ ಪ್ರಾಂತ್ಯಕ್ಕೆ ಸೇರಿದವು. ಕುಷ್ಟಗಿ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿತ್ತು. ಮುಧೋಳ, ಜಮಖಂಡಿಗೆ ಬೇರೆ ಬೇರೆ ರಾಜರು. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸೀಮೆಯ ರಾಜಧಾನಿ ಮುಂಬೈನೇ!

ಇಲ್ಲಿ ಅಮೆರಿಕದ ಕಥೆ ಹೋಲಿಸಿ ನೋಡಿದರೆ ಮಜಾ ಇದೆ. ಅಲ್ಲಿ 13 ವಸಾಹತುಗಳು 1776ರಲ್ಲಿ ತಾವೇ ಸ್ವತಂತ್ರ ರಾಜ್ಯಗಳೆಂದು ಘೋಷಿಸಿಕೊಂಡವು, ಆಮೇಲೆ ಕೂಡಿ ಒಕ್ಕೂಟ ಕಟ್ಟಿದವು. ಇವತ್ತಿಗೂ ಅಲ್ಲಿ ಒಂದು ರಾಜ್ಯವನ್ನು ಒಡೆಯಬೇಕಾದರೆ ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು. ನಮ್ಮಲ್ಲಿ ಉಲ್ಟಾ. ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತೇ ಕಾನೂನು ಮಾಡಿ ರಾಜ್ಯ ರಚಿಸಬಹುದು, ಗಡಿ ಬದಲಿಸಬಹುದು. ಸಂಬಂಧಪಟ್ಟ ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ.

ಹಾಗಂತ ಎಲ್ಲವನ್ನೂ ದೆಹಲಿಯೇ ಕೊಟ್ಟಿತು ಅನ್ಕೋಬೇಡಿ. ಆಲೂರು ವೆಂಕಟರಾಯರಂಥವರು ದಶಕಗಟ್ಟಲೆ ಏಕೀಕರಣದ ಮಾತು ಹರಡಿದರು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು, ಹುಬ್ಬಳ್ಳಿಯಲ್ಲಿ ಜನ ಬೀದಿಗಿಳಿದರು. ಅದೇ ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ನೇಮಕವಾಯಿತು. 1956ರ ನವೆಂಬರ್ 1ರಂದು ಇಳಕಲ್, ಕುಷ್ಟಗಿ ಎರಡೂ ಹೊಸ ಮೈಸೂರು ರಾಜ್ಯಕ್ಕೆ ಬಂದವು. ಮುಂಬೈ ವಿಧಾನಸಭೆಯಲ್ಲಿದ್ದ ನಮ್ಮ ಭಾಗದ ಎಸ್. ಆರ್. ಕಂಠಿಯವರು ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾದರು. 1962ರಲ್ಲಿ ಹುನಗುಂದದ ಶಾಸಕರಾಗಿ ಕೆಲವು ತಿಂಗಳು ಮುಖ್ಯಮಂತ್ರಿಯೂ ಆದರು. 'ಕರ್ನಾಟಕ' ಅನ್ನೋ ಹೆಸರಿಗೆ ಮಾತ್ರ 1973ರವರೆಗೆ ಕಾಯಬೇಕಾಯ್ತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ನಕಾಶೆಯ ಗೆರೆ ಒಂದೇ ದಿನಕ್ಕೆ ಅಳಿಸಿತು. ಆದರೆ ಶಾಲೆ, ನೀರಾವರಿ, ನೌಕರಿಗಳಲ್ಲಿ ನಿಜಾಮನ ಕಾಲದಿಂದ ಹಿಂದುಳಿದ ಭಾಗ ಅಷ್ಟು ಬೇಗ ಮೇಲೇಳಲಿಲ್ಲ. ಅದಕ್ಕಾಗಿಯೇ 2013ರಲ್ಲಿ 371(ಜೆ) ಜಾರಿಗೆ ಬಂತು. ಕೌನ್ಸೆಲಿಂಗ್‌ನಲ್ಲಿ ಸೀಟು ತಪ್ಪಿದಾಗ 'ಅವನಿಗ್ಯಾಕ, ನನಗ್ಯಾಕಿಲ್ಲ' ಅಂತ ಹೊಟ್ಟೆ ಉರಿಯೋದು ಸಹಜ. ಆದರೆ ಆ ಕಾಲಂ ನಮ್ಮನ್ನು ಹೊಸದಾಗಿ ಒಡೀಲಿಕ್ಕೆ ಬಂದದ್ದಲ್ಲ. ಏಕೀಕರಣದಲ್ಲಿ ಉಳಿದುಹೋದ ಕೆಲಸ ಅದು.

ಈ ಸಲ ರಾಜ್ಯೋತ್ಸವಕ್ಕೆ ಧ್ವಜ ಹಾರಿಸೋ ಮುಂಚೆ ಹಾಸ್ಟೆಲ್ ರೂಮಿನ ಗೆಳೆಯನನ್ನ ಒಮ್ಮೆ ಕೇಳ್ರಿ: 1956ಕ್ಕಿಂತ ಮುಂಚೆ ನಿಮ್ಮೂರು ಯಾವ ರಾಜ್ಯದಾಗಿತ್ತೋ?