ಪರಂಗಿ ಗಿಡ: ಗಂಡೋ? ಹೆಣ್ಣೋ?

ನೀಲಗಿರಿಯ ಮಳೆ ನೆರಳಿನಲ್ಲಿರುವ ಗುಂಡ್ಲುಪೇಟೆ, ಚಾಮರಾಜನಗರದ ರೈತರಿಗೆ ಕೊಳವೆಬಾವಿಯ ನೀರೆಂದರೆ ಹಣವಿದ್ದಂತೆ. ಆ ನೀರುಂಡು ಬೆಳೆದ ಪರಂಗಿ (ಪಪ್ಪಾಯಿ) ಗಿಡ ಕಾಯಿ ಕಟ್ಟದಿದ್ದರೆ? ಗಂಡು, ಹೆಣ್ಣು ಗಿಡ ಬೇರೆಬೇರೆಯಾಗಿರುವ ತಳಿಗಳಲ್ಲಿ ಸುಮಾರು ಅರ್ಧದಷ್ಟು ಸಸಿಗಳು ಗಂಡು. ಹೂ ಬಿಡುವವರೆಗೆ ನೋಡಿ ಗುರುತಿಸಲು ಸಾಧ್ಯವಿಲ್ಲ.

ಆದ್ದರಿಂದ ಆರು ಅಡಿ ಅಂತರದ ಪ್ರತಿ ಗುಣಿಗೆ 2-3 ಸಸಿ ನೆಡಬೇಕು. ಉದ್ದ ತೊಟ್ಟಿನಲ್ಲಿ ಗೊಂಚಲಾಗಿ ಜೋತುಬೀಳುವ ಹೂ ಗಂಡು. ಕಾಂಡಕ್ಕೆ ಅಂಟಿಕೊಂಡಂತಿರುವ ದಪ್ಪ ಹೂ ಹೆಣ್ಣು. ಪರಾಗಸ್ಪರ್ಶಕ್ಕೆ ಹತ್ತು ಹೆಣ್ಣಿಗೊಂದು ಗಂಡು ಸಾಕು. ಉಳಿದ ಗಂಡನ್ನು ಕಿತ್ತು, ಗುಣಿಗೊಂದೇ ಗಿಡ ಉಳಿಸಿದರೆ ನೀರು, ಗೊಬ್ಬರ ಎರಡೂ ಉಳಿಯುತ್ತವೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ 'ಕೂರ್ಗ್ ಹನಿ ಡ್ಯೂ' ತಳಿಯಲ್ಲಿ ಈ ತೊಡಕಿಲ್ಲ. ಅದರಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳು ಮಾತ್ರ.

ಬುಡದಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತದೆ. ಎಲೆ ಮುರುಟಿ, ಕಾಯಿಯ ಮೇಲೆ ಉಂಗುರದ ಗುರುತು ಮೂಡಿದರೆ ಅದು ಗಿಡಹೇನು ಹರಡುವ ನಂಜುರೋಗ. ಮದ್ದಿಲ್ಲ, ಕಿತ್ತು ಸುಡಬೇಕು.

ಇಷ್ಟು ಜೋಪಾನಕ್ಕೆ ಫಲವೂ ಉಂಟು. ಹಣ್ಣಿನಲ್ಲಿ ಕಣ್ಣಿಗೆ ಬೇಕಾದ 'ಎ' ಜೀವಸತ್ವ ಒದಗಿಸುವ ಅಂಶವಿದೆ. ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸವನ್ನು ಮೆದುವಾಗಿಸುತ್ತದೆ. ಬೇಕರಿಯ ಬಣ್ಣಬಣ್ಣದ ಟೂಟಿ ಫ್ರೂಟಿಯೂ ಹೆಚ್ಚಾಗಿ ಪರಂಗಿಕಾಯಿಯದೇ. ಬೀಜ ಕೊಳ್ಳುವ ಮುನ್ನ ತಳಿ ಯಾವುದೆಂದು ಕೇಳಿ ತಿಳಿಯುವುದು ಒಳಿತು.